ಮಳೆಯ ಹೆಸರಿನ ಹಣ, ವಜ್ರದ ಆದಾಯ

ಪ್ರಶ್ನೆ: ನನ್ನ ಅಕ್ಕನ ಮಗನಿಗೆ ಬೋಟ್ಸ್ವಾನಾದ ರಾಜಧಾನಿ ಗ್ಯಾಬರೋನ್‌ನಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿದೆ. ವಜ್ರ ಸಿಗುವ ಆಫ್ರಿಕದ ದೇಶಗಳಲ್ಲಿ ಸದಾ ಹೊಡೆದಾಟವೆಂದು ಕೇಳಿ ಅಕ್ಕ ಹೆದರಿದ್ದಾಳೆ. ಅಲ್ಲಿನ ಜನ, ಆಡಳಿತ, ಆರ್ಥಿಕ ಸ್ಥಿತಿ ಹೇಗಿದೆ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ತಮ್ಮ ಅಕ್ಕನವರ ಆತಂಕ ಸಹಜವಾದರೂ ಬೋಟ್ಸ್ವಾನಾ ಆ ಮಾತಿಗೆ ದೊಡ್ಡ ಅಪವಾದ. 1966ರ ಸೆಪ್ಟೆಂಬರ್ 30ರಂದು ಬ್ರಿಟಿಷರಿಂದ ಸ್ವತಂತ್ರವಾದ ಮೇಲೆ ಅಲ್ಲಿ ಒಮ್ಮೆಯೂ ಸೇನೆ ಅಧಿಕಾರ ಕಿತ್ತುಕೊಂಡಿಲ್ಲ, ಚುನಾವಣೆಯೂ ತಪ್ಪಿಲ್ಲ.

ಕರ್ನಾಟಕದ ಮೂರು ಪಟ್ಟು ವಿಸ್ತಾರವಾದ ಆ ನಾಡಿನ ಬಹುಭಾಗ ಕಲಹಾರಿ ಮರುಭೂಮಿ. ಜನ ಸುಮಾರು 24 ಲಕ್ಷ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳೆರಡನ್ನೇ ಕೂಡಿಸಿದರೂ ನಮ್ಮವರೇ ಹೆಚ್ಚು. ಹೆಚ್ಚಿನವರು ತ್ಸ್ವಾನಾ ಸಮುದಾಯದವರು, ದನಕರುಗಳನ್ನೇ ಸಂಪತ್ತೆಂದು ಎಣಿಸುವವರು. ಊರಿನ ವ್ಯಾಜ್ಯಗಳನ್ನು ಅವರು 'ಕ್ಗೋಟ್ಲಾ' ಎಂಬ ಪಂಚಾಯಿತಿ ಕಟ್ಟೆಯಲ್ಲಿ ಬಗೆಹರಿಸಿಕೊಳ್ಳುತ್ತಾರೆ. ಅಲ್ಲಿ ಎಲ್ಲರೂ ಮಾತಾಡಿ ಮುಗಿಸುವವರೆಗೂ ಮುಖ್ಯಸ್ಥ ಸುಮ್ಮನೆ ಕೇಳಿ, ಕೊನೆಯಲ್ಲಷ್ಟೇ ತೀರ್ಮಾನ ಹೇಳುತ್ತಾನೆ. ಪ್ರಜಾಪ್ರಭುತ್ವ ಆ ಮಣ್ಣಿನಲ್ಲಿ ಬೇರೂರಲು ಈ ಕಟ್ಟೆಯೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

1967ರಲ್ಲಿ ಓರಾಪದಲ್ಲಿ ವಜ್ರದ ನಿಕ್ಷೇಪ ಸಿಕ್ಕಿತು. ಅದು ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನ ನೆಲ. ಆದರೂ ಖನಿಜವೆಲ್ಲ ಇಡೀ ದೇಶದ ಸ್ವತ್ತೆಂದು ಅವರ ಸರ್ಕಾರವೇ ಕಾನೂನು ಮಾಡಿತು. ಸ್ವಾತಂತ್ರ್ಯದ ವೇಳೆಗೆ ಕೆಲವೇ ಕಿಲೋಮೀಟರ್ ಡಾಂಬರು ರಸ್ತೆಯಿದ್ದ ಬಡ ದೇಶವು ಶಾಲೆ, ಆಸ್ಪತ್ರೆಗಳನ್ನು ಕಟ್ಟಿಕೊಂಡಿದ್ದು ಆ ಹಣದಿಂದ. ಡಿ ಬೀರ್ಸ್ ಕಂಪನಿಯೊಡನೆ ಸರ್ಕಾರ ಸಮಪಾಲು ಹೊಂದಿರುವ ಡೆಬ್ಸ್ವಾನಾ ಸಂಸ್ಥೆಯೇ ಇಂದಿಗೂ ಮುಖ್ಯ ಗಣಿಗಳನ್ನು ನಡೆಸುತ್ತಿದೆ. ಆದರೆ ಎಲ್ಲರಿಗೂ ಒಂದೇ ನ್ಯಾಯ ಸಿಕ್ಕಿದೆಯೆನ್ನಲಾಗದು: ಕಲಹಾರಿಯ ಮೂಲನಿವಾಸಿ ಸಾನ್ ಜನರನ್ನು ಅವರ ನೆಲದಿಂದ ಒಕ್ಕಲೆಬ್ಬಿಸಿದ್ದು ತಪ್ಪೆಂದು 2006ರಲ್ಲಿ ಅಲ್ಲಿನ ಹೈಕೋರ್ಟೇ ಹೇಳಬೇಕಾಯಿತು.

ಅಲ್ಲಿನ ಹಣದ ಹೆಸರು 'ಪುಲಾ', ಅಂದರೆ ಮಳೆ. ಹೂಮಳೆಗಾಗಿ ಮುಗಿಲು ನೋಡುವ ಮೂಡಿಗೆರೆಯ ಕಾಫಿ ಬೆಳೆಗಾರರಿಗೆ ಆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಬೆಳೆಯನ್ನು ನೆಚ್ಚಿದವರ ಕಷ್ಟವನ್ನೂ ಹೇಳಬೇಕಿಲ್ಲ. ರಫ್ತಿನ ಬಹುಪಾಲು ವಜ್ರವೇ ಆಗಿರುವುದರಿಂದ, ಪ್ರಯೋಗಾಲಯದ ಅಗ್ಗದ ವಜ್ರ ಮಾರುಕಟ್ಟೆಗೆ ಬಂದು ಬೇಡಿಕೆ ಕುಸಿದಾಗ ಬೊಕ್ಕಸಕ್ಕೆ ಪೆಟ್ಟು ಬಿತ್ತು, ಯುವಜನರ ನಿರುದ್ಯೋಗದ ಸಿಟ್ಟೂ ಸೇರಿತು. 58 ವರ್ಷ ಆಳಿದ ಪಕ್ಷ 2024ರ ಅಕ್ಟೋಬರ್ ಚುನಾವಣೆಯಲ್ಲಿ 4 ಸ್ಥಾನಗಳಿಗೆ ಇಳಿಯಿತು. ಅಧ್ಯಕ್ಷ ಮಸಿಸಿ ಸೋಲೊಪ್ಪಿಕೊಂಡರು, ವಿರೋಧ ಪಕ್ಷಗಳ ಕೂಟದ ನಾಯಕ ಡುಮಾ ಬೊಕೊ ಶಾಂತಿಯುತವಾಗಿ ಅಧಿಕಾರ ವಹಿಸಿಕೊಂಡರು.

ಹೀಗಾಗಿ ಹುಡುಗ ವಿಚಾರಿಸಬೇಕಾದದ್ದು ಹೊಡೆದಾಟದ ಬಗ್ಗೆಯಲ್ಲ. ತನ್ನ ಕಂಪನಿಯ ವ್ಯವಹಾರ ವಜ್ರವನ್ನು ಎಷ್ಟರಮಟ್ಟಿಗೆ ನೆಚ್ಚಿಕೊಂಡಿದೆ, ಕರಾರು ಎಷ್ಟು ವರ್ಷದ್ದು ಎಂಬುದನ್ನು.