ಕೋರ್ಟಲ್ಲಿ ‘ಅಫರ್ಮ್’ ಅಂದ್ರೆ ಏನರ್ಥ? ದೇವರ ಮೇಲೆ ಪ್ರಮಾಣ ಮಾಡದಿದ್ರೆ ನಮ್ಮ ಮಾತಿಗೆ ತೂಕ ಕಮ್ಮಿನಾ?

ನೀವು ಕೇಳಿರೋದು, ಸಾಕ್ಷಿ ಹೇಳೋಕೆ ಸಮನ್ಸ್ ಬಂದಿದೆ, ದೇವರಲ್ಲಿ ನಂಬಿಕೆ ಇಲ್ಲ, ‘ಸಾಲೆಮ್ಲಿ ಅಫರ್ಮ್’ ಅಂತ ಹೇಳಿದ್ರೆ ಜಡ್ಜ್ ನನ್ನ ಮಾತನ್ನ ಹಗುರವಾಗಿ ತಗೋತಾರಾ ಅಂತ. ಖಂಡಿತ ಇಲ್ಲ, ಧೈರ್ಯವಾಗಿ ಹೇಳಿ.

‘ಸ್ವೇರ್’ ಅಂದ್ರೆ ದೇವರ ಹೆಸರಲ್ಲಿ ಆಣೆ ಇಡೋದು, ‘ಅಫರ್ಮ್’ ಅಂದ್ರೆ ದೇವರನ್ನ ಮಧ್ಯೆ ತರದೆ ನನ್ನ ಸ್ವಂತ ಹೊಣೆ ಮೇಲೆ ನಿಜ ಹೇಳ್ತೀನಿ ಅನ್ನೋದು. 1969ರ ಓತ್ಸ್ ಆಕ್ಟ್ ಅಂದ್ರೆ ಪ್ರಮಾಣಗಳ ಕಾಯ್ದೆಯ ನಮೂನೆಯಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇವೆ, ನಮ್ಮ ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಮಂತ್ರಿಗಳ ಪ್ರಮಾಣವಚನಕ್ಕೂ ಇದೇ ಆಯ್ಕೆ. ಸುಳ್ಳು ಹೇಳಿದ್ರೆ ಶಿಕ್ಷೆನೂ ಒಂದೇ, ಕೋರ್ಟ್ ವಿಚಾರಣೆಲಿ ಬೇಕಂತ ಸುಳ್ಳು ಸಾಕ್ಷಿ ಹೇಳಿದ್ರೆ 7 ವರ್ಷದವರೆಗೂ ಜೈಲು, ಯಾವ ರೀತಿ ಪ್ರಮಾಣ ಮಾಡಿದ್ರಿ ಅಂತ ಯಾರೂ ನೋಡಲ್ಲ. ಇನ್ನು ಸಿನಿಮಾದಲ್ಲಿ ತೋರಿಸೋ ಹಾಗೆ ಗೀತೆ ಮೇಲೆ ಕೈ ಇಡಿ ಅಂತ ಈ ಕಾಯ್ದೆ ಎಲ್ಲೂ ಹೇಳಿಲ್ಲ.

ನಿಮ್ಮ ಅಳುಕು ಎಲ್ಲಿಂದ ಬರ್ತಿದೆ ಅಂತ ನಂಗೆ ಅರ್ಥ ಆಗುತ್ತೆ, ನಮ್ಮಲ್ಲಿ ಜಗಳ ಆದ್ರೆ ‘ಧರ್ಮಸ್ಥಳಕ್ಕೆ ಬಾ, ಮಂಜುನಾಥನ ಮುಂದೆ ಆಣೆ ಮಾಡು’ ಅಂತಾರಲ್ಲ, ಹಾಗಾಗಿ ದೇವರಿಲ್ಲದ ಪ್ರಮಾಣ ಅಂದ್ರೆ ಏನೋ ತಪ್ಪಿಸ್ಕೊಳ್ತಿದ್ದಾನೆ ಅನ್ಸುತ್ತೆ. ಬ್ರಿಟಿಷರ ಕಾಲದ 1873ರ ಕಾಯ್ದೆಲಿ ಇಂಥ ಆಣೆಗೆ ಜಾಗನೂ ಇತ್ತು, ಎದುರು ಪಾರ್ಟಿ ಇಂಥಾ ಆಣೆ ಮಾಡಿ ಹೇಳಿದ್ರೆ ನಾನು ಒಪ್ತೀನಿ ಅಂತ ನೀವು ಕೋರ್ಟಿಗೆ ಹೇಳಿ, ಅವರು ಹಾಗೇ ಆಣೆ ಮಾಡಿ ಹೇಳಿಬಿಟ್ರೆ ಆ ವಿಷಯಕ್ಕೆ ಅದೇ ಕೊನೆ ಮಾತು! 1969ರ ಕಾಯ್ದೆ ಬಂದಾಗ ಅದನ್ನ ಕೈಬಿಟ್ರು, ಒಳ್ಳೇದೇ ಆಯ್ತು ಅಂತೀನಿ, ಯಾಕಂದ್ರೆ ಸಾಕ್ಷಿನ ಪಾಟೀಸವಾಲಲ್ಲಿ ಒರೆಹಚ್ಚಿ ನೋಡ್ಬೇಕೇ ಹೊರತು ಆಣೆ ಭಯದ ಮೇಲೆ ಕೇಸು ತೀರ್ಮಾನ ಆಗ್ಬಾರ್ದು.

ಈ ಹಕ್ಕು ಸುಮ್ನೆ ಬಂದಿದ್ದೂ ಅಲ್ಲ. ಇಂಗ್ಲೆಂಡಲ್ಲಿ ಕ್ವೇಕರ್ ಅನ್ನೋ ಕ್ರೈಸ್ತರು, ಬೈಬಲ್ಲೇ ಆಣೆ ಇಡ್ಬೇಡ ಅನ್ನುತ್ತೆ ಅಂತ ಹಠ ಹಿಡಿದು ಜೈಲಿಗೆ ಹೋದ್ರು, ಅಂದ್ರೆ ಅಫರ್ಮ್ ಮಾಡೋದು ಮೊದಲು ದೈವಭಕ್ತರ ಬೇಡಿಕೆ. ಆಮೇಲೆ ಚಾರ್ಲ್ಸ್ ಬ್ರಾಡ್ಲಾ ಅನ್ನೋ ನಾಸ್ತಿಕ 1880ರಲ್ಲಿ ನಾರ್ಥಾಂಪ್ಟನ್‌ನಿಂದ ಪಾರ್ಲಿಮೆಂಟಿಗೆ ಗೆದ್ದು ಅಫರ್ಮ್ ಮಾಡ್ತೀನಿ ಅಂದ, ಬಿಡ್ಲಿಲ್ಲ, ಸರಿ ಪ್ರಮಾಣನೇ ಮಾಡ್ತೀನಿ ಅಂದ್ರೂ ಬಿಡ್ಲಿಲ್ಲ, ಪಾರ್ಲಿಮೆಂಟಿನ ಗಡಿಯಾರ ಗೋಪುರದಲ್ಲಿ ಕೂಡಿ ಹಾಕಿದ್ರು, ಕ್ಷೇತ್ರದ ಜನ ಮತ್ತೆ ಮತ್ತೆ ಅವನನ್ನೇ ಗೆಲ್ಲಿಸಿದ್ರು. ಕೊನೆಗೆ 1886ರಲ್ಲಿ ಸೀಟು ಸಿಕ್ತು, 1888ರಲ್ಲಿ ಧರ್ಮದಲ್ಲಿ ನಂಬಿಕೆ ಇಲ್ಲದವರೂ ಅಫರ್ಮ್ ಮಾಡ್ಬಹುದು ಅನ್ನೋ ಕಾನೂನು ಮಾಡಿಸಿದ. ಮರುವರ್ಷ ಬಾಂಬೆ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದ. ಅವನ ಅಂತ್ಯಕ್ರಿಯೆಗೆ ಆಗ ಲಂಡನ್‌ನಲ್ಲಿ ಓದ್ತಿದ್ದ ಗಾಂಧೀಜಿ ಹೋಗಿದ್ರು.

ನೀವು ಮಾಡ್ಬೇಕಾಗಿದ್ದು ಇಷ್ಟೇ, ಕಟಕಟೆ ಹತ್ತೋಕೆ ಮುಂಚೆನೇ ಬೆಂಚ್ ಕ್ಲರ್ಕ್‌ಗೆ ಅಫರ್ಮ್ ಮಾಡ್ತೀನಿ ಸರ್ ಅಂತ ಹೇಳಿ, ಯಾಕೆ ಅಂತ ವಿವರಣೆ ಕೊಡೋ ಅಗತ್ಯ ಇಲ್ಲ.