ಯಾರ ಕಡೆಯ ದೋಷ?

ಪ್ರಶ್ನೆ: ಡೊಂಬಿವಲಿಯಲ್ಲಿದ್ದೇವೆ. ಮಗಳು ಹುಟ್ಟಿದಾಗ ಸೊಂಟದ ಮೇಲೆ ನಿಂಬೆಹಣ್ಣಿನಷ್ಟು ಗಂಟು. ಸ್ಪೈನಾ ಬೈಫಿಡಾ (ಬೆನ್ನುಹುರಿಯ ಕೊಳವೆ ಸರಿಯಾಗಿ ಮುಚ್ಚಿಕೊಳ್ಳದ ಹುಟ್ಟುದೋಷ) ಅಂದರು, ಎರಡನೇ ದಿನವೇ ಆಪರೇಷನ್ ಆಯ್ತು. ‘ನಿನ್ನ ತವರಿನ ರಕ್ತ’ ಎನ್ನುತ್ತಾರೆ ಅತ್ತೆ. ಇನ್ನೊಂದು ಮಗು ಬೇಡವೇ, ಡಾಕ್ಟ್ರೇ?

ಉತ್ತರ: ಈ ಪುಟವನ್ನು ಅತ್ತೆಯವರಿಗೇ ಓದಲು ಕೊಡಿ. ಸಾಮಾನ್ಯವಾಗಿ ಇದು ಒಂದೇ ಜೀನ್‌ನಿಂದ ಬರುವುದಲ್ಲ. ಎರಡೂ ಕಡೆಯ ಹಲವು ಜೀನ್‌ಗಳ ಜೊತೆ ಫೋಲಿಕ್ ಆಸಿಡ್ (ಒಂದು ಬಿ ವಿಟಮಿನ್) ಕೊರತೆ, ತಾಯಿಯ ಸಕ್ಕರೆ ಕಾಯಿಲೆಯಂಥವೂ ಸೇರಬಹುದು. ಮತ್ತೆ ಬರುವ ಸಾಧ್ಯತೆ ನೂರಕ್ಕೆ 2ರಿಂದ 5. ಉಳಿದದ್ದು ನಿಮ್ಮ ಪರವೇ ಅಲ್ವಾ?

ಬೆನ್ನುಹುರಿಯ ಕೊಳವೆ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿದ್ದು ಗೊತ್ತಾದ ಮೇಲೆ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿದರೆ ತಡ. ಹಾಗಾಗಿ ಗರ್ಭ ಕಟ್ಟುವುದಕ್ಕೆ ಮೂರು ತಿಂಗಳು ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ ಜಾಸ್ತಿ ಡೋಸ್ ಶುರು ಮಾಡಿ. 1991ರ ಪ್ರಯೋಗದಲ್ಲಿ ದಿನಕ್ಕೆ 4 ಮಿಲಿಗ್ರಾಂ ಕೊಟ್ಟಾಗ ಮರುಕಳಿಸುವುದು ಶೇ. 72ರಷ್ಟು ತಗ್ಗಿತ್ತು.