ಎಣ್ಣೆ ಕಲೆ ಮೇಲೆ ಎಪಾಕ್ಸಿ ಬೇಡ

ಮನೆ ಮಾರಾಟಕ್ಕಿಡುವ ಮುಂಚೆ ಗ್ಯಾರೇಜ್ ನೆಲದ ಎಣ್ಣೆ ಕಲೆ ಮೇಲೆ ನೇರ ಎಪಾಕ್ಸಿ (ಒಣಗಿ ಗಟ್ಟಿಯಾಗುವ ರಾಳದ ಬಣ್ಣ) ಬಳಿಯಲೇ ಅಂತ ಕೇಳಿದ್ದೀರಿ. ಬೇಡ. ಕಾಂಕ್ರೀಟಿನೊಳಗೆ ಇಳಿದ ಎಣ್ಣೆಯು ಎಪಾಕ್ಸಿ ಪದರವನ್ನು ನೆಲಕ್ಕೆ ಹಿಡಿಯಗೊಡುವುದಿಲ್ಲ. ಬಿಸಿ ಟೈರು ನಿಂತ ಕಡೆ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ನೋಡಲು ಬಂದವರಿಗೆ ಹಳೇ ಕಲೆಗಿಂತ ಸುಲಿದ ಬಣ್ಣವೇ ಹೆಚ್ಚು ಅನುಮಾನ ಹುಟ್ಟಿಸುತ್ತದೆ.

ಹಸಿ ಎಣ್ಣೆಯಿದ್ದರೆ ಮರದ ಹೊಟ್ಟು ಸುರಿದು, ಬೂಟುಕಾಲಲ್ಲಿ ತುಳಿದು, ರಾತ್ರಿಯಿಡೀ ಬಿಡಿ. ಗುಡಿಸಿದ ಮೇಲೆ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರಾವಣ) ಹಾಕಿ 15 ನಿಮಿಷ ನೆನೆಸಿ, ಒಣಗಲು ಮಾತ್ರ ಬಿಡಬೇಡಿ. ಗಟ್ಟಿ ನೈಲಾನ್ ಬ್ರಷ್ಷಿನಲ್ಲಿ ಉಜ್ಜಿ. ತಂತಿ ಬ್ರಷ್ ಆದರೆ ಅದರ ಎಳೆ ಉಳಿದು ತುಕ್ಕಿನ ಚುಕ್ಕೆ ಬೀಳುತ್ತದೆ. ತೊಳೆದು ಒಣಗಿದ ಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡಿ: ಹೀರಿಕೊಂಡರೆ ಸರಿ, ಮುತ್ತಿನಂತೆ ನಿಂತರೆ ಎಣ್ಣೆ ಇನ್ನೂ ಇದೆ, ಮತ್ತೊಂದು ಸುತ್ತು ಉಜ್ಜಿ.

ಆಮೇಲೂ ಬಣ್ಣ ಬೇಕೆನಿಸಿದರೆ 18 ಇಂಚು ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಒತ್ತಿ 16 ಗಂಟೆ ಬಿಡಿ. ಅಡಿಯಲ್ಲಿ ಬೆವರಿದ್ದರೆ ನೆಲದೊಳಗಿಂದ ತೇವ ಬರುತ್ತಿದೆ ಎಂದರ್ಥ, ಎಪಾಕ್ಸಿ ಆಸೆ ಬಿಡುವುದೇ ಒಳ್ಳೆಯದು.

ಗ್ಯಾರೇಜ್ ಬಾಗಿಲು ಕಿರುಗುಟ್ಟುತ್ತದೆ ಅಂದಿರಲ್ಲ, ಅದರ ಕೀಲುಗಳಿಗೂ ರೋಲರಿಗೂ ಸಿಲಿಕೋನ್ ಸ್ಪ್ರೇ ಸಾಕು. ರೋಲರ್ ಓಡುವ ಹಳಿಗೆ ಹಾಕಿದರೆ ಧೂಳು ಅಂಟುತ್ತದೆ. ಮೇಲಿನ ಸ್ಪ್ರಿಂಗಿನ ಬೋಲ್ಟ್ ಮಾತ್ರ ಮುಟ್ಟಲೇಬೇಡಿ, ಬಿಗಿತ ಒಮ್ಮೆಲೇ ಕಳಚಿದರೆ ಕೈ ಮುರಿಯಬಹುದು.